ಕರಿಬೇವಿನ ಗಿಡದಲ್ಲಿ ಚಿಟ್ಟೆ ಹುಟ್ಟುವುದನ್ನು ನೋಡುವುದು ಹೇಗೆ?

ಕರಿಬೇವಿನ ಎಲೆಯ ಅಂಚು ಯಾರೋ ಕಚ್ಚಿದಂತೆ ಕಂಡರೆ ಸಾಕು, ಬೇವಿನೆಣ್ಣೆ ಬಾಟಲಿ ಹೊರಬರುತ್ತದೆ. ಉತ್ಸಾಹಿಗಳು ಇನ್ನೊಂದು ಬಗೆ: ಹುಳುವನ್ನು ಗಾಜಿನ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಅದು ಸತ್ತಾಗ ಮಕ್ಕಳ ಕಣ್ಣು ತಪ್ಪಿಸಿ ಎಸೆಯುತ್ತಾರೆ. ಎರಡೂ ಬೇಡ. ಹುಳು ಗಿಡದಲ್ಲೇ ಇರಲಿ, ನೀವು ಅಲ್ಲಿಗೇ ಹೋಗಿ ನೋಡಿ.

1. ಕುಂಡದ ಗಿಡವಾದರೂ ಸಾಕು. ಎಳೆ ಚಿಗುರಿರಬೇಕು, ಔಷಧಿ ಹೊಡೆದಿರಬಾರದು. ಬೇವಿನೆಣ್ಣೆಯೂ ಔಷಧಿಯೇ.

2. ಮೊಟ್ಟೆ ಹುಡುಕಿ. ಹೆಚ್ಚಿನವರು ಸೋಲುವುದು ಇಲ್ಲೇ, ಏಕೆಂದರೆ ಗೊಂಚಲು ಹುಡುಕುತ್ತಾರೆ. ಇಲ್ಲಿ ಹೆಚ್ಚಾಗಿ ಬರುವ ಕಾಮನ್ ಮಾರ್ಮನ್ ಚಿಟ್ಟೆ ಒಂದೊಂದೇ ಮೊಟ್ಟೆ ಇಡುತ್ತದೆ. ಗಸಗಸೆ ಕಾಳಿನಷ್ಟು ಗಾತ್ರ, ದುಂಡಗೆ, ತಿಳಿ ಹಳದಿ. ಗಿಡವನ್ನೆಲ್ಲ ಜಾಲಾಡಬೇಡಿ. ಬಿಸಿಲೇರಿದ ಮೇಲೆ ಸ್ವಲ್ಪ ದೂರ ನಿಂತು ಚಿಟ್ಟೆಯನ್ನೇ ಗಮನಿಸಿ. ಹೂವಿನ ಮೇಲೆ ಕೂತಂತೆ ನಿಧಾನವಾಗಿ ಕೂರದೆ, ರೆಕ್ಕೆ ಬಡಿಯುತ್ತಲೇ ಎಲೆಯಿಂದ ಎಲೆಗೆ ಹಾರುತ್ತ ಮುಂಗಾಲಿನಿಂದ ತಟ್ಟುತ್ತಿದ್ದರೆ ಅದು ಹೆಣ್ಣು. ಕಾಲಿನಿಂದಲೇ ಎಲೆಯ ರುಚಿ ನೋಡುತ್ತಿದೆ. ಒಂದು ಕಡೆ ಹೊಟ್ಟೆಯ ತುದಿ ಬಾಗಿಸಿದರೆ ಆ ಚಿಗುರನ್ನು ಗುರುತಿಟ್ಟುಕೊಂಡು, ಅದು ಹೋದ ಮೇಲೆ ಎಲೆಯ ಎರಡೂ ಬದಿ ನೋಡಿ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್ ಲೆನ್ಸ್‌ಗೆ ದುಡ್ಡು ಹಾಕಬೇಡಿ, ಅಂಚೆಲ್ಲ ಮಸುಕು. ಗಡಿಯಾರ ರಿಪೇರಿಯವರು ಕಣ್ಣಿಗಿಟ್ಟುಕೊಳ್ಳುವ ಲೆನ್ಸ್ ಸಾಕು.

ಮೊಟ್ಟೆ ಸಿಗಲೇ ಇಲ್ಲವೇ? ಹಾಗಾದರೆ ಹಕ್ಕಿಯ ಹಿಕ್ಕೆ ಹುಡುಕಿ. ಎಲೆಯ ಮೇಲೆ ಕಂದು-ಬಿಳಿ ಹಿಕ್ಕೆ ಬಿದ್ದಿದ್ದು, ಮರುದಿನ ಬೇರೆ ಎಲೆಯ ಮೇಲಿದ್ದರೆ ಅದೇ ನಿಮ್ಮ ಮರಿಹುಳು. ಹಕ್ಕಿಗೆ ಬೇಡವಾಗುವ ವೇಷ ಹಾಕಿಕೊಂಡು ಬಯಲಲ್ಲೇ ಕೂತಿರುತ್ತದೆ.

3. ಬೆಳೆಯಲು ಬಿಡಿ. ಕೊನೆಯ ಬಾರಿ ಪೊರೆ ಕಳಚಿದಾಗ ಹಸಿರಾಗುತ್ತದೆ. ಮುಂಭಾಗದಲ್ಲಿ ಕಾಣುವ ದೊಡ್ಡ ಕಣ್ಣುಗಳು ಸುಳ್ಳು, ನಿಜವಾದ ತಲೆ ಅದರ ಕೆಳಗೆ ಸಣ್ಣಗಿದೆ. ಹುಲ್ಲುಕಡ್ಡಿಯಿಂದ ಒಮ್ಮೆ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಚಾಚಿ ಘಾಟು ಬಿಡುತ್ತದೆ. ಒಮ್ಮೆ ಸಾಕು. ಬಂದ ನೆಂಟರಿಗೆಲ್ಲ ತೋರಿಸಲು ಪದೇ ಪದೇ ಚುಚ್ಚಬೇಡಿ.

4. ಹುಳು ಕಾಣೆಯಾದರೆ ಗಾಬರಿ ಬೇಡ. ಕೋಶ ಕಟ್ಟಲು ಜಾಗ ಹುಡುಕುತ್ತ ಗಿಡ ಬಿಟ್ಟು ಗೋಡೆ, ಕುಂಡದ ಅಂಚು, ಪಕ್ಕದ ಗಿಡ ಎಲ್ಲಿಗಾದರೂ ಹೋಗಬಹುದು. ಸೊಂಟಕ್ಕೆ ರೇಷ್ಮೆಯ ಎಳೆ ಬಿಗಿದು, ತಲೆ ಮೇಲಾಗಿ ಒರಗಿರುತ್ತದೆ. ಕೋಶ ಹಸಿರೂ ಇರಬಹುದು, ಕಂದೂ ಇರಬಹುದು, ಸುತ್ತಲಿನ ಬಣ್ಣಕ್ಕೆ ತಕ್ಕಂತೆ. ಕಿತ್ತು ಒಳಗೆ ತರಬೇಡಿ. ಕೋಶದಲ್ಲಿ ಸಣ್ಣ ತೂತು ಕಂಡರೆ ಒಳಗೆ ಬೆಳೆದದ್ದು ಚಿಟ್ಟೆಯಲ್ಲ, ಪುಟ್ಟ ಕಣಜಗಳು, ಅವೂ ನೋಡತಕ್ಕವೇ.

5. ಕೋಶ ಕಪ್ಪಾಗಿ ರೆಕ್ಕೆಯ ಚಿತ್ತಾರ ಹೊರಗೆ ಕಂಡರೆ ಮರುದಿನ ಬೆಳಗ್ಗೆ ಬೇಗ ಏಳಿ. ಹೊರಬಂದ ಚಿಟ್ಟೆಯ ಮುದುಡಿದ ರೆಕ್ಕೆ ಬಿಡಿಸಲು ಸಹಾಯ ಮಾಡಬೇಡಿ, ಕುಂಟು ರೆಕ್ಕೆಯಾಗುತ್ತದೆ.

ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲಿದ್ದರೆ ಸಾಮಾನ್ಯವಾಗಿ ಗಂಡು, ಆದರೆ ಕೆಲವು ಹೆಣ್ಣುಗಳೂ ಹಾಗೇ ಇರುತ್ತವೆ. ಕೆಂಪು ಚುಕ್ಕೆಯ ಹೆಣ್ಣು, ವಿಷವಿರುವ ಕಾಮನ್ ರೋಸ್ ಚಿಟ್ಟೆಯ ನಕಲು. ಅನುಮಾನ ಬಂದರೆ ರೆಕ್ಕೆ ಬಿಟ್ಟು ಮೈ ನೋಡಿ: ರೋಸ್‌ಗೆ ಕೆಂಪು ಮೈ, ಇದಕ್ಕೆ ಕಪ್ಪು.