ಲಿಂಕ್ ಲೆಕ್ಕ, ಅಥಾರಿಟಿ ಅಂಕ: ಪೈಥಾನ್‌ನಲ್ಲಿ ನಾನು ತೆಗೆಯುವ ಬಗೆ

ಸಾವಿರ ಡೊಮೇನ್‌ಗಳ ಅಥಾರಿಟಿ ಅಂಕ (ಬರುವ ಲಿಂಕ್‌ಗಳನ್ನು ನೋಡಿ ತಾಣದ ಬಲ ಅಳೆಯುವ ಅಂಕ) ಬೇಕೆಂದರೆ ಎಪಿಐ (ಸೇವೆಯಿಂದ ಮಾಹಿತಿ ಪಡೆಯುವ ಬಾಗಿಲು) ಕರೆದು ಜೇಸನ್ (ಉತ್ತರ ಬರುವ ಪಠ್ಯರೂಪ) ಬಿಚ್ಚುವ ಕೋಡ್ ಇಪ್ಪತ್ತು ಸಾಲು ದಾಟುವುದಿಲ್ಲ. ಸಮಯ ತಿನ್ನುವ ಕೆಲಸ ಎರಡು: ಕರೆಯುವ ಮೊದಲು ಹೆಸರುಗಳನ್ನು ಹಸನು ಮಾಡುವುದು, ಕರೆದ ಮೇಲೆ ಸೊನ್ನೆ ಯಾವುದು, ಮಾಹಿತಿಯೇ ಇಲ್ಲದ್ದು ಯಾವುದು ಎಂದು ಬೇರ್ಪಡಿಸುವುದು.

ಕೈಗೆ ಬರುವ ಪಟ್ಟಿಯಲ್ಲಿ ಒಂದೇ ತಾಣ ನಾಲ್ಕು ವೇಷದಲ್ಲಿರುತ್ತದೆ. ಒಂದಕ್ಕೆ ಮುಂದೆ ಎಚ್‌ಟಿಟಿಪಿಎಸ್, ಇನ್ನೊಂದಕ್ಕೆ ಇಲ್ಲ, ಮತ್ತೊಂದಕ್ಕೆ ಮೂರು ಡಬ್ಲ್ಯು, ಕೊನೆಯದಕ್ಕೆ ಬಾಲದಲ್ಲೊಂದು ಸ್ಲ್ಯಾಶ್. ನಾಲ್ಕನ್ನೂ ಹಾಗೇ ಕಳಿಸಿದರೆ ಕೋಟಾ (ಸೇವೆ ಬಿಡುವ ಕರೆಗಳ ಮಿತಿ) ನಾಲ್ಕು ಪಟ್ಟು ಖರ್ಚು. ವಿಳಾಸ ಒಡೆಯಲು ಪೈಥಾನ್‌ನ ಯುಆರ್‌ಎಲ್‌ಸ್ಪ್ಲಿಟ್ ಬಳಸುತ್ತೇನೆ, ಆದರೆ ಅದಕ್ಕೊಂದು ಚಾಳಿ ಇದೆ: ಮುಂದೆ ಎಚ್‌ಟಿಟಿಪಿ ಇಲ್ಲದಿದ್ದರೆ ಡೊಮೇನ್ ಹೆಸರನ್ನು ಅದರ ಜಾಗವಾದ ನೆಟ್‌ಲಾಕ್‌ನಲ್ಲಿಡದೆ ಪಾತ್‌ಗೆ (ಪುಟದ ದಾರಿಯ ಭಾಗಕ್ಕೆ) ತಳ್ಳಿಬಿಡುತ್ತದೆ. ಎರರ್ ಬರುವುದಿಲ್ಲ, ನೆಟ್‌ಲಾಕ್ ಕೇಳಿದರೆ ಸುಮ್ಮನೆ ಖಾಲಿ ಸ್ಟ್ರಿಂಗ್ ಸಿಗುತ್ತದೆ. ಅದಕ್ಕೇ '://' ಕಾಣದ ಸಾಲಿನ ಮುಂದೆ ಮೊದಲೇ ಎರಡು ಸ್ಲ್ಯಾಶ್ ಸೇರಿಸುತ್ತೇನೆ.

ಮೂಲ ಡೊಮೇನ್ ಹೆಕ್ಕುವುದು ಟಿಎಲ್‌ಡಿಎಕ್ಸ್‌ಟ್ರ್ಯಾಕ್ಟ್ ಲೈಬ್ರರಿಯ ಕೆಲಸ. ಚುಕ್ಕೆಯಲ್ಲಿ ಒಡೆದು ಕೊನೆಯ ಎರಡು ತುಂಡು ಎತ್ತಿಕೊಳ್ಳುವ ಅಡ್ಡದಾರಿ ಡಾಟ್ ಕೋ ಡಾಟ್ ಯುಕೆ ಎದುರಾದ ಕೂಡಲೇ ಕೈಕೊಡುತ್ತದೆ. ಈ ಲೈಬ್ರರಿ ಪಬ್ಲಿಕ್ ಸಫಿಕ್ಸ್ ಪಟ್ಟಿ (ಡಾಟ್ ಕೋ ಡಾಟ್ ಯುಕೆಯಂಥ ಬಾಲಗಳ ಪಟ್ಟಿ) ನೋಡಿಕೊಂಡು ಒಡೆಯುತ್ತದೆ. ಆದರೂ ಬ್ಲಾಗ್‌ಸ್ಪಾಟ್‌ನಂಥ ಕಡೆ ಎಲ್ಲರ ಬ್ಲಾಗೂ ಒಂದೇ ಹೆಸರಿನಡಿ ಸೇರಿಹೋಗದಿರಲು ಪ್ರೈವೇಟ್ ಡೊಮೇನ್ ಆಯ್ಕೆಯನ್ನು ನಾವೇ ಆನ್ ಮಾಡಬೇಕು.

ಇನ್ನು ಅಂಕದ ಮೂಲ. ಗೂಗಲ್ ತನ್ನ, ಪುಟದ ಮಹತ್ವವನ್ನು ಅಂಕದಲ್ಲಿ ತೋರುತ್ತಿದ್ದ ಟೂಲ್‌ಬಾರ್ ಪೇಜ್‌ರ್‍ಯಾಂಕನ್ನು 2016ರಲ್ಲಿ ತೆಗೆದುಹಾಕಿತು; ಈಗ ಸಿಗುವ ಯಾವ ಅಥಾರಿಟಿ ಅಂಕವೂ ಗೂಗಲ್‌ನದಲ್ಲ. ಓಪನ್ ಪೇಜ್‌ರ್‍ಯಾಂಕ್ ಎಂಬ ಸೇವೆ 0ರಿಂದ 10ರವರೆಗೆ ಅಂಕ ಕೊಡುತ್ತದೆ, ಒಂದು ಗೆಟ್ ಕರೆಗೆ 100 ಡೊಮೇನ್ ಹಿಡಿಸುತ್ತದೆ, ಕೀಯನ್ನು (ಸೇವೆ ಕೊಡುವ ಗುಪ್ತ ಸಂಕೇತ) ಹೆಡರ್‌ನಲ್ಲಿ ಕೇಳುತ್ತದೆ. ಮೋಜ್‌ ಎಂಬ ಇನ್ನೊಂದು ಸೇವೆಯ ಎರಡನೇ ಆವೃತ್ತಿಯ ಎಪಿಐಗೆ ಪೋಸ್ಟ್ ಕರೆ, ಒಮ್ಮೆಗೆ 50 ಯುಆರ್‌ಎಲ್. ಡೊಮೇನ್ ಅಥಾರಿಟಿ (ಇಡೀ ತಾಣದ ಅಂಕ), ಪೇಜ್ ಅಥಾರಿಟಿ (ಒಂದು ಪುಟದ ಅಂಕ) ಜೊತೆಗೆ ಲಿಂಕ್ ಕೊಡುವ ಡೊಮೇನ್‌ಗಳ ಎಣಿಕೆಯೂ ಬರುತ್ತದೆ. ಕೀಗಳು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿರಲಿ, ಸ್ಕ್ರಿಪ್ಟ್ ಒಳಗೆ ಬೇಡ.

ಹೆಚ್ಚು ಜನ ಎಡವುವುದು ರೀಟ್ರೈ (ಮರುಪ್ರಯತ್ನ) ವಿಷಯದಲ್ಲಿ. ರಿಕ್ವೆಸ್ಟ್ಸ್‌ ಲೈಬ್ರರಿಯ ಸೆಷನ್‌ಗೆ ಎಚ್‌ಟಿಟಿಪಿ ಅಡಾಪ್ಟರ್ ಜೋಡಿಸಿ, ಅದಕ್ಕೆ ರೀಟ್ರೈ ಕೊಟ್ಟು, 429 (ಕರೆ ಹೆಚ್ಚಾಯಿತು) ಮತ್ತು 503ಕ್ಕೆ (ಸೇವೆ ಸದ್ಯ ಸಿಗದು) ಮತ್ತೆ ಪ್ರಯತ್ನಿಸು ಅಂತ ಬರೆದಿರುತ್ತಾರೆ. ಗೆಟ್ ಕರೆಗೆ ಸರಿ ನಡೆಯುತ್ತದೆ. ಪೋಸ್ಟ್‌ಗೆ ಮಾತ್ರ 429 ಬಂದ ತಕ್ಷಣ ಸ್ಕ್ರಿಪ್ಟ್ ಬಿದ್ದುಹೋಗುತ್ತದೆ. ಕಾರಣ, ರಿಕ್ವೆಸ್ಟ್ಸ್ ಒಳಗೆ ಕೆಲಸ ಮಾಡುವ ಯುಆರ್‌ಎಲ್‌ಲಿಬ್3 ಪೋಸ್ಟನ್ನು ತಾನಾಗಿ ಮರುಪ್ರಯತ್ನ ಮಾಡುವುದಿಲ್ಲ. ಪೋಸ್ಟ್ ಎಂದರೆ ಏನನ್ನೋ ಬದಲಿಸುವ ಕರೆ, ಎರಡು ಸಲ ಹೋದರೆ ಅಪಾಯ ಎಂಬುದು ಅದರ ಲೆಕ್ಕ. ನಮ್ಮದು ಬರೀ ಓದುವ ಕರೆ. ಅಲೌಡ್ ಮೆಥಡ್ಸ್‌ನಲ್ಲಿ ಪೋಸ್ಟನ್ನೂ ಸೇರಿಸಿದರೆ ಸರಿಹೋಗುತ್ತದೆ. ಹಳೆಯ ಉದಾಹರಣೆಗಳಲ್ಲಿ ಇದೇ ಮೆಥಡ್ ವೈಟ್‌ಲಿಸ್ಟ್ ಎಂಬ ಹೆಸರಲ್ಲಿದೆ, ಯುಆರ್‌ಎಲ್‌ಲಿಬ್3ಯ 2ನೇ ಆವೃತ್ತಿಯಲ್ಲಿ ಅದು ಓಡುವುದಿಲ್ಲ. ಟೈಮ್‌ಔಟ್ ಕೊಡುವುದನ್ನೂ ಮರೆಯಬೇಡಿ: ಕೊಡದಿದ್ದರೆ ರಿಕ್ವೆಸ್ಟ್ಸ್ ಕೊನೆಯಿಲ್ಲದೆ ಕಾಯುತ್ತದೆ. ಜೋಡಣೆಗೆ 5 ಸೆಕೆಂಡ್, ಉತ್ತರಕ್ಕೆ 30 ಸೆಕೆಂಡ್ ಇಡುತ್ತೇನೆ.

ಉತ್ತರ 200 (ಯಶಸ್ವಿ) ಬಂದ ಮಾತ್ರಕ್ಕೆ ಒಳಗಿರುವುದೆಲ್ಲ ಸರಿ ಅಂತಲ್ಲ. ಓಪನ್ ಪೇಜ್‌ರ್‍ಯಾಂಕ್ ಪ್ರತಿ ಡೊಮೇನಿಗೂ ಬೇರೆ ಸ್ಟೇಟಸ್ ಕೋಡ್ ಕೊಡುತ್ತದೆ. ತನಗೆ ಗೊತ್ತಿಲ್ಲದ ಡೊಮೇನಿಗೆ 404 (ಸಿಗಲಿಲ್ಲ), ಪಕ್ಕದಲ್ಲೇ ಅಂಕ 0. ಆ ಸೊನ್ನೆಯನ್ನು ಹಾಗೇ ಬರೆದುಕೊಂಡರೆ ಸರಾಸರಿ ನೆಲ ಕಚ್ಚುತ್ತದೆ. ಅಲ್ಲಿ NaN (ಬೆಲೆಯೇ ಇಲ್ಲ) ಎಂದು ದಾಖಲಿಸುತ್ತೇನೆ. ಉತ್ತರದಲ್ಲಿ ಡೊಮೇನ್ ಹೆಸರು ಇದ್ದಾಗಲೆಲ್ಲ ಹೆಸರಿನಿಂದಲೇ ಹೊಂದಿಸುತ್ತೇನೆ, ಸಾಲಿನ ಕ್ರಮ ನಂಬುವುದಿಲ್ಲ.

ಉಳಿಸುವುದು ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲಿ, ಡೊಮೇನ್, ದಿನಾಂಕ, ಮೂಲ ಈ ಮೂರೂ ಸೇರಿ ಪ್ರೈಮರಿ ಕೀ (ಪ್ರತಿ ಸಾಲಿನ ಗುರುತು). ಬಂದ ಜೇಸನ್ ಇಡಿಯಾಗಿ ಒಂದು ಕಾಲಂನಲ್ಲಿರುತ್ತದೆ, ನಾಳೆ ಇನ್ನೊಂದು ಅಂಶ ಬೇಕಾದರೆ ಮತ್ತೆ ಕೋಟಾ ಸುಡಬೇಕಿಲ್ಲ. ಎಕ್ಸೆಲ್‌ಗೆಂದು ಸಿಎಸ್‌ವಿ ಬರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಇರಲಿ, ಇಲ್ಲವಾದರೆ ಕನ್ನಡದ ಟೈಟಲ್‌ಗಳು ಚಿತ್ರಲಿಪಿಯಾಗುತ್ತವೆ.

ಅಂಕ ಓದುವಾಗ ಒಂದು ನೆನಪಿರಲಿ: ಡೊಮೇನ್ ಅಥಾರಿಟಿ ಲಾಗರಿದಮ್ ಅಳತೆಯದು. 20ರಿಂದ 30 ಹತ್ತಿದ್ದಕ್ಕೂ 70ರಿಂದ 80 ಹತ್ತಿದ್ದಕ್ಕೂ ಹೋಲಿಕೆಯೇ ಇಲ್ಲ, ಎರಡನೆಯದು ಬಹಳ ಕಷ್ಟ, ಆದ್ದರಿಂದ ಸರಾಸರಿಗಿಂತ ಮೀಡಿಯನ್ (ಸಾಲಾಗಿಟ್ಟಾಗ ನಡುವೆ ಬರುವ ಬೆಲೆ) ವಾಸಿ. ಒಟ್ಟು ಬ್ಯಾಕ್‌ಲಿಂಕ್ ಎಣಿಕೆಯನ್ನು ನಾನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವುದೋ ಒಂದು ತಾಣದ ಫುಟರ್‌ನಲ್ಲಿ ಲಿಂಕ್ ಬಿದ್ದರೆ ಸಾಕು, ಅದರ ಪುಟಗಳಿರುವಷ್ಟು ಲಿಂಕ್ ಏರಿಬಿಡುತ್ತದೆ. ಲಿಂಕ್ ಕೊಡುವ ಡೊಮೇನ್ ಎಷ್ಟು ಎಂಬುದೇ ಗಟ್ಟಿ.

ಜೊತೆಗೆ ಪ್ರತಿ ಸಲವೂ ನನಗೆ ಸಂಬಂಧವಿಲ್ಲದ ಹತ್ತು ತಾಣಗಳನ್ನು ಪಟ್ಟಿಗೆ ಸೇರಿಸಿ ಓಡಿಸುತ್ತೇನೆ. ಮೋಜ್ 2019ರ ಮಾರ್ಚ್‌ನಲ್ಲಿ ಲೆಕ್ಕದ ವಿಧಾನವನ್ನೇ ಬದಲಿಸಿದಂತೆ ಮತ್ತೆ ಬದಲಿಸಿದರೆ, ಆ ಹತ್ತರ ಅಂಕಗಳೂ ಒಟ್ಟಿಗೇ ಅಲುಗಾಡುತ್ತವೆ. ಅವು ನಿಂತಲ್ಲೇ ನಿಂತು ನನ್ನ ತಾಣದ್ದು ಮಾತ್ರ ಇಳಿದಿದ್ದರೆ, ಕಳೆದುಹೋದ ಲಿಂಕ್ ಹುಡುಕಲು ಕೂರುತ್ತೇನೆ.