ಹೊಸ ಬ್ಲೇಡ್ ಕೂರಿಸುವ ಮೊದಲು ಹಳೆಯದನ್ನು ಓದಿ

ಅಮೋನಿಯಾ ಬಳಸಿ ತಂಪು ಮಾಡುವ ಘಟಕದ ರೋಟರಿ ವೇನ್ ಬೂಸ್ಟರ್ ಕಂಪ್ರೆಸರ್‌ನಲ್ಲಿ (ಗ್ಯಾಸನ್ನು ಮೊದಲ ಹಂತದಲ್ಲಿ ಒತ್ತುವ, ತಿರುಗುವ ರೋಟರಿನ ಸ್ಲಾಟುಗಳಲ್ಲಿ, ಅಂದರೆ ಸೀಳುಗಳಲ್ಲಿ, ಬ್ಲೇಡುಗಳು ಒಳಗೆ ಹೊರಗೆ ಜಾರುವ ಯಂತ್ರ) ಬ್ಲೇಡ್ ಮುರಿದಾಗ, ಗ್ಯಾಸ್ ಪೂರ್ತಿ ಖಾಲಿ ಮಾಡಿ ಯಂತ್ರ ಬಿಚ್ಚಿದ ಮೇಲೆ, ಹಳೆಯ ಬ್ಲೇಡುಗಳಿಗೆ ಸ್ಲಾಟ್ ಸಂಖ್ಯೆ ಬರೆದು ಅದೇ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿ ನೋಡಿದ ನಂತರವೇ ಹೊಸ ಸೆಟ್ ಕೂರಿಸಬೇಕು. ಒಡೆದ ರೀತಿಯೇ ಕಾರಣವನ್ನು ಬಹುಮಟ್ಟಿಗೆ ತಿಳಿಸುತ್ತದೆ: ಸಕ್ಷನ್‌ನಲ್ಲಿ (ಗ್ಯಾಸ್ ಒಳಬರುವ ಕಡೆ) ದ್ರವ ಅಮೋನಿಯಾ ಬಂದು ಹೊಡೆದಿದ್ದರೆ ಹೆಚ್ಚು ಸವೆಯದ ಬ್ಲೇಡ್ ಕೂಡ ತುಂಡಾಗಿರುತ್ತದೆ, ಎಣ್ಣೆ ಸಾಲದಿದ್ದರೆ ತುದಿ ಕಪ್ಪಾಗಿ ಪದರ ಬಿಟ್ಟಿರುತ್ತದೆ, ಸವೆದು ಅಗಲ ಕಡಿಮೆಯಾದ ಬ್ಲೇಡ್ ಸ್ಲಾಟಿನೊಳಗೆ ಹಿಡಿತ ಸಾಲದೆ, ಎರಡು ಬದಿಯ ಒತ್ತಡದ ವ್ಯತ್ಯಾಸಕ್ಕೆ ಬಾಗಿ ಮುರಿಯುತ್ತದೆ. ಈ ಒತ್ತಡದ ವಿಷಯ ನಮ್ಮ ಕಲಬುರಗಿ, ಯಾದಗಿರಿ ಕಡೆ ಮುಖ್ಯವಾದದ್ದು, ಏಕೆಂದರೆ ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟಿದಾಗ ಗ್ಯಾಸನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್‌ನ ಒತ್ತಡ ಏರಿ, ಎರಡನೇ ಹಂತದ ಹೈ ಸ್ಟೇಜ್ ಯಂತ್ರ ಬೂಸ್ಟರ್ ಕಳಿಸುವ ಗ್ಯಾಸನ್ನು ಎಳೆಯಲಾರದೆ ಹೋದರೆ, ಬೂಸ್ಟರ್‌ನ ಡಿಸ್ಚಾರ್ಜ್ (ಗ್ಯಾಸ್ ಹೊರಹೋಗುವ ಕಡೆಯ) ಒತ್ತಡವೂ ಏರಿ ಆ ಹೊರೆಯೆಲ್ಲ ಬ್ಲೇಡಿನ ಮೇಲೆಯೇ ಬೀಳುತ್ತದೆ; ಬ್ಲೇಡ್ ಸರಬರಾಜು ಮಾಡಿದವರನ್ನು ಬೈಯುವುದು ಆಮೇಲಿನ ಮಾತು. ಸಿಲಿಂಡರಿನ ಒಳಗೋಡೆಯ ಮೇಲೆ ಬೆರಳಾಡಿಸಿಯೂ ನೋಡಬೇಕು: ಅಲೆ ಅಲೆಯಾಗಿ ಕೈಗೆ ಹತ್ತಿದರೆ, ಅದನ್ನು ಸಮಗೊಳಿಸದೆ ಹಾಕಿದ ಹೊಸ ಬ್ಲೇಡುಗಳೂ ಬೇಗನೆ ಹಾಳಾಗುತ್ತವೆ. ಮುರಿದ ಮೇಲೆಯೂ ಯಂತ್ರ ಓಡಿ ತುಂಡುಗಳು ಪುಡಿಯಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಲಾಗ್ ಬುಕ್ಕಿನಲ್ಲಿರುವ ಸಕ್ಷನ್ ಮತ್ತು ಡಿಸ್ಚಾರ್ಜ್ ಒತ್ತಡಗಳನ್ನು, ಎಣ್ಣೆ ಹಾಯಿಸುವ ಲೂಬ್ರಿಕೇಟರ್‌ನ ಪ್ರತಿ ಲೈನಿನಲ್ಲಿ ಎಣ್ಣೆ ಹೋಗುತ್ತಿದೆಯೇ ಎಂಬುದನ್ನು ಪರಿಶೀಲಿಸುವುದೇ ಉಳಿದಿರುವ ದಾರಿ.