ಕಳಿಸಿದ ಮೇಲ್ ಯಾಕೆ ತಲುಪಲಿಲ್ಲ? ಒಂದರ ಹಿಂದೊಂದು ನಿಂತ ಸ್ಪ್ಯಾಮ್ ಫಿಲ್ಟರ್‌ಗಳನ್ನು ಹತೋಟಿಗೆ ತರುವ ಕ್ರಮ

ನಮ್ಮ ಶಿವಮೊಗ್ಗದಲ್ಲಿ ಮಾಚೇನಹಳ್ಳಿಯ ಫೌಂಡ್ರಿಯಿರಲಿ, ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯಿರಲಿ, ದುರ್ಗಿಗುಡಿಯ ಆಡಿಟರ್ ಕಚೇರಿಯಿರಲಿ, ಮುಖ್ಯವಾದ ಮೇಲೊಂದು ಕೈಸೇರಲಿಲ್ಲವೆಂಬ ದೂರು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಸಿಟ್ಟಿಗೆದ್ದು ಇರುವ ಫಿಲ್ಟರ್‌ಗಳನ್ನೆಲ್ಲ ಆಫ್ ಮಾಡುತ್ತಾರೆ, ಇಲ್ಲವೇ ಯಾರೋ ಹೇಳಿದರೆಂದು ಮತ್ತೊಂದು ಫಿಲ್ಟರನ್ನು ದುಡ್ಡು ಕೊಟ್ಟು ತಂದು ಸೇರಿಸುತ್ತಾರೆ. ಮೊದಲನೆಯದರಿಂದ ನಕಲಿ ಜಿಎಸ್‌ಟಿ ನೋಟಿಸುಗಳೂ ಸುಳ್ಳು ಇನ್‌ವಾಯ್ಸ್‌ಗಳೂ ನೇರವಾಗಿ ಅಕೌಂಟ್ಸ್ ವಿಭಾಗಕ್ಕೆ ಬಂದು ಬೀಳುತ್ತವೆ. ಎರಡನೆಯದರಿಂದ ಪುಣೆಯ ಗ್ರಾಹಕರು ಕಳಿಸಿದ ಪರ್ಚೇಸ್ ಆರ್ಡರ್ ಹುಡುಕಬೇಕಾದ ಜಾಗಗಳ ಪಟ್ಟಿಗೆ ಇನ್ನೊಂದು ಜಾಗ ಸೇರುತ್ತದೆ. ಮೇಲ್ ಕಳೆದುಹೋಗುವುದಕ್ಕೆ ಬಹಳಷ್ಟು ಸಲ ಕಾರಣ ಫಿಲ್ಟರಿನ ಕೊರತೆಯಲ್ಲ. ಮೂರು ನಾಲ್ಕು ಫಿಲ್ಟರ್‌ಗಳು ಒಂದರ ತೀರ್ಮಾನ ಇನ್ನೊಂದಕ್ಕೆ ತಿಳಿಯದಂತೆ ತಮ್ಮಷ್ಟಕ್ಕೆ ತಾವು ತೀರ್ಪು ಕೊಡುತ್ತಿರುವುದೇ ಕಾರಣ. ಆದ್ದರಿಂದ ಮುಂದೆ ಹೇಳುವ ಎಲ್ಲ ಹಂತಗಳ ಗುರಿ ಒಂದೇ: ತೀರ್ಪು ಕೊಡುವ ಅಧಿಕಾರ ಒಂದು ಫಿಲ್ಟರಿಗೆ ಮಾತ್ರ ಇರಬೇಕು, ಉಳಿದವು ಅದನ್ನು ಒಪ್ಪಿಕೊಳ್ಳಬೇಕು ಅಥವಾ ಪಕ್ಕಕ್ಕೆ ಸರಿಯಬೇಕು.

ಮೊದಲ ಹಂತ: ಇರುವುದನ್ನು ಬರೆದಿಡಿ

ಒಂದು ಹಾಳೆಯ ಮೇಲೆ, ಹೊರಗಿನಿಂದ ಒಳಕ್ಕೆ ಬರುವ ಕ್ರಮದಲ್ಲಿ, ಮೇಲ್ ಹಾದುಬರುವ ಜಾಗಗಳನ್ನು ಬರೆಯಿರಿ: ಡೊಮೈನಿನ ಮುಂದೆ ನಿಲ್ಲಿಸಿರುವ ಗೇಟ್‌ವೇ (ಮೇಲನ್ನು ಮೊದಲು ಪಡೆದು ಸೋಸಿ ಒಳಕ್ಕೆ ಕಳಿಸುವ ಸರ್ವರ್) ಅಥವಾ ಹೋಸ್ಟಿಂಗ್‌ನವರ ಸ್ಪ್ಯಾಮ್‌ಅಸ್ಯಾಸಿನ್ ಎಂಬ ಸ್ಪ್ಯಾಮ್ ಫಿಲ್ಟರ್, ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365ರ ಸ್ವಂತ ಫಿಲ್ಟರ್, ಪ್ರತಿ ಕಂಪ್ಯೂಟರಿನ ಆಂಟಿವೈರಸ್ ಜೊತೆ ಬಂದ ಮೇಲ್ ತಪಾಸಣೆ, ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನ ಜಂಕ್ ಫಿಲ್ಟರ್, ಕೊನೆಗೆ ಸಿಬ್ಬಂದಿ ತಾವೇ ಮಾಡಿಕೊಂಡ ರೂಲ್‌ಗಳು. ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ, ಡೊಮೈನಿನ ಎಂಎಕ್ಸ್ ದಾಖಲೆಯನ್ನೂ ಈಗಲೇ ತೆರೆದು ನೋಡಿ, ಏಕೆಂದರೆ ಬಿಟ್ಟು ಬಂದ ಹಳೆಯ ಹೋಸ್ಟಿಂಗ್ ಕಂಪನಿಯ ಸರ್ವರ್ ಅಲ್ಲಿ ಎರಡನೇ ಸಾಲಿನಲ್ಲಿ ಉಳಿದುಕೊಂಡಿರುವುದು ಅಪರೂಪವಲ್ಲ.

ಎರಡನೇ ಹಂತ: ತಡೆದದ್ದು ಯಾವುದೆಂದು ಹೆಡರ್ ನೋಡಿ ತಿಳಿಯಿರಿ

ಊಹೆಯ ಮೇಲೆ ಸೆಟ್ಟಿಂಗ್ ಬದಲಿಸುವುದನ್ನು ಇಲ್ಲಿಗೆ ನಿಲ್ಲಿಸಬೇಕು. ಜಂಕ್‌ನಲ್ಲಿ ಸಿಕ್ಕ ಮೇಲನ್ನು ಇನ್‌ಬಾಕ್ಸಿಗೆ ಎಳೆದು ಹಾಕುವ ಮೊದಲು ಅದರ ಹೆಡರನ್ನು, ಅಂದರೆ ಮೇಲ್ ಬಂದ ದಾರಿ ಮತ್ತು ಪರೀಕ್ಷೆಗಳ ವಿವರವಿರುವ ಸಾಲುಗಳನ್ನು, ತೆರೆಯಿರಿ. ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ಆರಿಸಬೇಕು. ಕಂಪ್ಯೂಟರಿನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಮೇಲನ್ನು ಬೇರೆ ವಿಂಡೋದಲ್ಲಿ ತೆರೆದು ಫೈಲ್, ಪ್ರಾಪರ್ಟೀಸ್ ಎಂದು ಹೋಗಬೇಕು. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಹಿಡಿದು ಯು ಒತ್ತಿದರೆ ಸಾಕು. ‘ರಿಸೀವ್ಡ್’ ಎಂದು ಆರಂಭವಾಗುವ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಮೇಲ್ ದಾಟಿದ ಪ್ರತಿಯೊಂದು ಸರ್ವರ್ ತನ್ನ ಸಾಲನ್ನು ಮೇಲ್ಭಾಗಕ್ಕೆ ಸೇರಿಸುತ್ತದೆ.

ಆಮೇಲೆ ಅಂಕಗಳನ್ನು ಹುಡುಕಿ. ಸ್ಪ್ಯಾಮ್‌ಅಸ್ಯಾಸಿನ್ ‘ಎಕ್ಸ್-ಸ್ಪ್ಯಾಮ್-ಸ್ಟೇಟಸ್’ ಎಂಬ ಸಾಲಿನಲ್ಲಿ ತಾನು ಕೊಟ್ಟ ಅಂಕವನ್ನೂ ಮಿತಿಯನ್ನೂ ಬರೆಯುತ್ತದೆ. ಮೂಲತಃ ಆ ಮಿತಿ 5.0. ಅಂಕ 5.8 ಎಂದಿದ್ದರೆ ಯಾವ ಯಾವ ಪರೀಕ್ಷೆಯಿಂದ ಅಂಕ ಕೂಡಿತೆಂಬುದು ಅದೇ ಸಾಲಿನಲ್ಲಿರುತ್ತದೆ. ಮೈಕ್ರೋಸಾಫ್ಟ್ ತನ್ನ ತೀರ್ಪನ್ನು ಎಸ್‌ಸಿಎಲ್ ಎಂಬ ಸಂಖ್ಯೆಯಾಗಿ ಬರೆಯುತ್ತದೆ: 5 ಅಥವಾ 6 ಎಂದರೆ ಸ್ಪ್ಯಾಮ್, 9 ಎಂದರೆ ಬಲವಾದ ಸಂದೇಹ, 1 ಎಂದರೆ ಸ್ಪ್ಯಾಮ್ ಅಲ್ಲ, ಮೈನಸ್ 1 ಎಂದರೆ ಪರೀಕ್ಷಿಸದೆ ಬಿಟ್ಟದ್ದು. ಎಸ್‌ಸಿಎಲ್ 1 ಎಂದಿದ್ದೂ ಮೇಲ್ ಜಂಕ್‌ನಲ್ಲಿ ಬಿದ್ದಿದ್ದರೆ ಮೊದಲ ಸಂಶಯ ನಿಮ್ಮ ಟೇಬಲ್ಲಿನ ಮೇಲಿನ ಕಂಪ್ಯೂಟರಿನ ಮೇಲೆ ಬರಬೇಕು.

ಮಲೆನಾಡಿನ ಮಳೆಗಾಲದಲ್ಲಿ ಇದರ ಒಂದು ರೂಪ ಜನರನ್ನು ತೀರಾ ಗೊಂದಲಕ್ಕೆ ಕೆಡವುತ್ತದೆ. ಬೆಳಿಗ್ಗೆ ಕಚೇರಿಯಲ್ಲಿ ಕರೆಂಟಿಲ್ಲ, ಕಂಪ್ಯೂಟರ್ ಆಫ್ ಆಗಿದೆ. ಬಂದ ಮೇಲ್ ಮ್ಯಾನೇಜರರ ಮೊಬೈಲಿನ ಇನ್‌ಬಾಕ್ಸಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಹನ್ನೊಂದು ಗಂಟೆಗೆ ಕರೆಂಟ್ ಬಂದು ಕಂಪ್ಯೂಟರ್ ಆನ್ ಆದ ಕೂಡಲೇ ಅದರಲ್ಲಿರುವ ಥಂಡರ್‌ಬರ್ಡ್ ಅಥವಾ ಆಂಟಿವೈರಸ್ ಆ ಮೇಲನ್ನು ಜಂಕ್ ಫೋಲ್ಡರಿಗೆ ಸರಿಸುತ್ತದೆ, ಎಲ್ಲ ಸಾಧನಗಳಲ್ಲೂ ಸರ್ವರಿನ ಒಂದೇ ಮೇಲ್‌ಬಾಕ್ಸ್ ತೋರಿಸುವ ಐಮ್ಯಾಪ್ ಸಂಪರ್ಕದಿಂದಾಗಿ ಮೊಬೈಲಿನಿಂದಲೂ ಅದು ಮರೆಯಾಗುತ್ತದೆ. ಯಾರೋ ಅಳಿಸಿದರೆಂದು ಪರಸ್ಪರ ಸಂಶಯಪಡುವ ಮೊದಲು ಇದನ್ನು ಪರಿಶೀಲಿಸಿ.

ಯಾವ ಫೋಲ್ಡರಿನಲ್ಲೂ ಸಿಗದಿದ್ದರೆ ಕ್ವಾರಂಟೈನ್ (ಫಿಲ್ಟರ್ ತಡೆದ ಮೇಲ್‌ಗಳನ್ನು ಸರ್ವರಿನಲ್ಲಿ ಪ್ರತ್ಯೇಕವಾಗಿ ಇಟ್ಟಿರುವ ಜಾಗ) ನೋಡಬೇಕು, ಅಲ್ಲೂ ಇಲ್ಲದಿದ್ದರೆ ಅಡ್ಮಿನ್ ಖಾತೆಯಿಂದ ಮೇಲ್ ಲಾಗ್ ಹುಡುಕಬೇಕು. ತಡಮಾಡಬಾರದು: ಜಿಮೇಲ್‌ನ ಸ್ಪ್ಯಾಮ್ ಫೋಲ್ಡರಿನಲ್ಲಿರುವುದು 30 ದಿನಗಳ ನಂತರ ತಾನಾಗಿ ಅಳಿಯುತ್ತದೆ, ಮೈಕ್ರೋಸಾಫ್ಟ್‌ನ ಮೂಲ ಸ್ಪ್ಯಾಮ್ ನೀತಿಯಲ್ಲಿ ಕ್ವಾರಂಟೈನ್ ಅವಧಿ 15 ದಿನ, ಅದನ್ನು 30ಕ್ಕೆ ಏರಿಸಬಹುದು ಮತ್ತು ಏರಿಸಲೇಬೇಕು. ಕಳಿಸಿದವರಿಗೆ ವಾಪಸ್ ಸಂದೇಶ ಬಂದಿದ್ದರೆ ಅದರ ಪೂರ್ತಿ ಪಠ್ಯವನ್ನು ತರಿಸಿಕೊಳ್ಳಿ. ಅದರಲ್ಲಿರುವ ಸಂಖ್ಯೆ 5ರಿಂದ ಆರಂಭವಾದರೆ ನಿರಾಕರಣೆ, 4ರಿಂದ ಆರಂಭವಾದರೆ ತಾತ್ಕಾಲಿಕ ತಡೆ.

ಮೂರನೇ ಹಂತ: ಒಂದನ್ನು ಆರಿಸಿ

ಗೂಗಲ್ ಅಥವಾ ಮೈಕ್ರೋಸಾಫ್ಟ್ ಮೇಲ್ ಬಳಸುವ ಸಣ್ಣ ಕಚೇರಿಗೆ ಅದರ ಮುಂದೆ ಇನ್ನೊಂದು ಗೇಟ್‌ವೇ ಬೇಕಿಲ್ಲ. ಬೇಕೆಂದು ಮಾರಾಟದವರು ಹೇಳಿದರೆ, ಈಗಿರುವ ಫಿಲ್ಟರ್ ಬಿಟ್ಟ ಯಾವ ಮೇಲನ್ನು ಅದು ಹಿಡಿಯುತ್ತದೆಂದು ನಿಮ್ಮದೇ ಮೇಲ್‌ಗಳ ಮೇಲೆ ತೋರಿಸಿಕೊಡುವಂತೆ ಕೇಳಿ. ತೆಗೆದುಹಾಕುವುದಾದರೆ ಎಂಎಕ್ಸ್ ದಾಖಲೆ ಬದಲಿಸಿದ ನಂತರವೂ ಹಳೆಯ ಗೇಟ್‌ವೇಯನ್ನು ಮೂರು ದಿನವಾದರೂ ನಡೆಯಗೊಡಿ, ಏಕೆಂದರೆ ಹೊರಗಿನ ಸರ್ವರ್‌ಗಳು ಹಳೆಯ ವಿಳಾಸವನ್ನು ಸ್ವಲ್ಪ ಕಾಲ ನೆನಪಿನಲ್ಲಿಟ್ಟುಕೊಂಡಿರುತ್ತವೆ. ಎಸ್‌ಪಿಎಫ್ ದಾಖಲೆಯಿಂದಲೂ (ನಿಮ್ಮ ಡೊಮೈನಿನ ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಅದರ ಹೆಸರನ್ನು ತೆಗೆಯಿರಿ. ಒಂದು ಡೊಮೈನಿಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕೆಂಬುದನ್ನೂ, ಅದರೊಳಗಿನ ಡಿಎನ್‌ಎಸ್ (ಡೊಮೈನ್ ಹೆಸರುಗಳ ದಾಖಲೆ ವ್ಯವಸ್ಥೆ) ಹುಡುಕಾಟಗಳು 10 ಮೀರಬಾರದೆಂಬುದನ್ನೂ ಮರೆತು ಎರಡನೇ ದಾಖಲೆ ಸೇರಿಸಿದರೆ, ನೀವು ಕಳಿಸುವ ಮೇಲ್‌ಗಳೇ ಬೇರೆಯವರ ಸ್ಪ್ಯಾಮ್ ಫೋಲ್ಡರಿಗೆ ಬೀಳತೊಡಗುತ್ತವೆ.

ನಾಲ್ಕನೇ ಹಂತ: ಗೇಟ್‌ವೇ ಇರಲೇಬೇಕಾದರೆ ಒಳಗಿನ ಫಿಲ್ಟರಿಗೆ ಅದನ್ನು ಪರಿಚಯಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ನಿಧಾನವಾಗಿ ಓದಬೇಕು. ಪ್ರಧಾನ ಕಚೇರಿಯ ನಿಯಮದಿಂದಲೋ ಮೇಲ್ ಸಂಗ್ರಹದ ಕಾರಣಕ್ಕೋ ಹೊರಗಿನ ಗೇಟ್‌ವೇ ಉಳಿಯಬೇಕೆಂದಿಟ್ಟುಕೊಳ್ಳಿ. ಆಗ ಪುಣೆಯ ಮೇಲ್ ಮೊದಲು ಗೇಟ್‌ವೇಗೆ ಬಂದು, ಅಲ್ಲಿಂದ ಗೂಗಲ್ ಅಥವಾ ಮೈಕ್ರೋಸಾಫ್ಟ್‌ಗೆ ಹೋಗುತ್ತದೆ. ಒಂದು ಡೊಮೈನಿನ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂದು ಹೇಳುವುದು ಎಸ್‌ಪಿಎಫ್. ಒಳಗಿನ ಫಿಲ್ಟರಿಗೆ ಕಾಣುವುದು ಗೇಟ್‌ವೇಯ ಐಪಿ ವಿಳಾಸ, ಅದು ಪುಣೆಯ ಕಂಪನಿಯ ಪಟ್ಟಿಯಲ್ಲಿಲ್ಲ, ಹಾಗಾಗಿ ಎಸ್‌ಪಿಎಫ್ ವಿಫಲ. ಸಾಗರದಿಂದ ಬಸ್ಸಿನಲ್ಲಿ ಬಂದ ಪಾರ್ಸೆಲ್ಲನ್ನು ಇಳಿಸಿಕೊಳ್ಳುವವರು, ಕಳಿಸಿದವರ ಹೆಸರಿನ ಬದಲು ಕಂಡಕ್ಟರರ ಗುರುತಿನ ಚೀಟಿ ನೋಡಿ, ಹೆಸರು ಹೊಂದುತ್ತಿಲ್ಲವೆಂದು ಪಾರ್ಸೆಲ್ಲನ್ನು ಪಕ್ಕಕ್ಕಿಟ್ಟಂತೆ ಇದು.

ಇದಕ್ಕೆ ಇನ್ನೊಂದು ಹಾನಿ ಸೇರುತ್ತದೆ. ಗೇಟ್‌ವೇಗಳು ವಿಷಯದ ಸಾಲಿನಲ್ಲಿ ‘ಎಕ್ಸ್‌ಟರ್ನಲ್’ ಎಂದೋ ‘ಸ್ಪ್ಯಾಮ್’ ಎಂದೋ ಸೇರಿಸುತ್ತವೆ, ಮೇಲ್‌ನ ಕೊನೆಗೆ ಎಚ್ಚರಿಕೆಯ ವಾಕ್ಯ ಅಂಟಿಸುತ್ತವೆ. ಕಳಿಸಿದವರ ಸರ್ವರ್ ಹಾಕಿದ ಡಿಕಿಮ್ ಎಂಬ ಡಿಜಿಟಲ್ ಸಹಿ ಸಾಮಾನ್ಯವಾಗಿ ವಿಷಯದ ಸಾಲನ್ನೂ ಮೇಲ್‌ನ ಒಡಲನ್ನೂ ಒಳಗೊಂಡಿರುತ್ತದೆ. ಅವುಗಳಲ್ಲಿ ಒಂದು ಪದ ಸೇರಿದರೂ ಸಹಿ ಮುರಿಯುತ್ತದೆ. ಎಸ್‌ಪಿಎಫ್ ಮತ್ತು ಡಿಕಿಮ್ ಎರಡೂ ಬಿದ್ದರೆ ಅವುಗಳ ಮೇಲೆ ನಿಂತಿರುವ ಡಿಮಾರ್ಕ್ (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಕಳಿಸುವವರ ಡೊಮೈನ್ ಹೇಳುವ ನೀತಿ) ಕೂಡ ಬೀಳುತ್ತದೆ. ಆಗ ಯಾವ ತಪ್ಪನ್ನೂ ಮಾಡದ ಗ್ರಾಹಕರ ಮೇಲ್, ಅವರು ಡಿಮಾರ್ಕ್ ನೀತಿಯನ್ನು ಬಿಗಿಯಾಗಿಟ್ಟಿದ್ದ ಕಾರಣಕ್ಕೇ ನಿಮ್ಮಲ್ಲಿ ನಕಲಿಯೆನಿಸಿಕೊಳ್ಳುತ್ತದೆ. ಹೆಚ್ಚು ಶಿಸ್ತಿನ ಕಂಪನಿಗಳ ಮೇಲ್‌ಗಳೇ ಹೆಚ್ಚು ಕಾಣೆಯಾಗುತ್ತಿದ್ದರೆ ಇದನ್ನೇ ಕಾರಣವೆಂದು ಹಿಡಿಯಿರಿ.

ಪರಿಹಾರ ಹೀಗೆ. ಗೇಟ್‌ವೇಯಲ್ಲಿ ವಿಷಯದ ಸಾಲನ್ನೂ ಒಡಲನ್ನೂ ತಿದ್ದುವ ಎಲ್ಲ ಆಯ್ಕೆಗಳನ್ನು ನಿಲ್ಲಿಸಿ. ಗುರುತು ಹಾಕಲೇಬೇಕಿದ್ದರೆ ಹೆಡರಿನಲ್ಲಿ ಹೊಸ ಸಾಲಾಗಿ ಹಾಕಲಿ, ಅದರಿಂದ ಸಹಿ ಮುರಿಯುವುದಿಲ್ಲ. ನಂತರ ಗೂಗಲ್ ವರ್ಕ್‌ಸ್ಪೇಸ್‌ನ ಅಡ್ಮಿನ್ ಪುಟದಲ್ಲಿ ಜಿಮೇಲ್ ವಿಭಾಗದ ‘ಸ್ಪ್ಯಾಮ್, ಫಿಶಿಂಗ್ ಅಂಡ್ ಮಾಲ್‌ವೇರ್’ ಒಳಗೆ ‘ಇನ್‌ಬೌಂಡ್ ಗೇಟ್‌ವೇ’ ತೆರೆದು ಗೇಟ್‌ವೇಯ ಎಲ್ಲ ಐಪಿ ವಿಳಾಸಗಳನ್ನು ಬರೆಯಿರಿ, ಹೊರಗಿನ ಐಪಿಯನ್ನು ತಾನೇ ಗುರುತಿಸುವ ಆಯ್ಕೆಯನ್ನು ಆನ್ ಮಾಡಿ. ಆಗ ಗೂಗಲ್ ಗೇಟ್‌ವೇಯನ್ನು ದಾಟಿ ಹಿಂದಿರುವ ನಿಜವಾದ ಸರ್ವರನ್ನು ಪರೀಕ್ಷಿಸುತ್ತದೆ. ಮೈಕ್ರೋಸಾಫ್ಟ್ 365ರಲ್ಲಿ ಇದೇ ಕೆಲಸವನ್ನು ‘ಎನ್‌ಹ್ಯಾನ್ಸ್‌ಡ್ ಫಿಲ್ಟರಿಂಗ್ ಫಾರ್ ಕನೆಕ್ಟರ್ಸ್’ ಮಾಡುತ್ತದೆ. ಅದರ ಬದಲು ಗೇಟ್‌ವೇಯಿಂದ ಬಂದದ್ದಕ್ಕೆಲ್ಲ ಎಸ್‌ಸಿಎಲ್ ಮೈನಸ್ 1 ಕೊಡುವ ರೂಲ್ ಒಂದನ್ನು ಬರೆದು ಕೈತೊಳೆದುಕೊಳ್ಳುವ ಅಡ್ಡದಾರಿ ವ್ಯಾಪಕವಾಗಿದೆ. ತೀರ್ಪಿನ ಅಧಿಕಾರವನ್ನು ಸಂಪೂರ್ಣವಾಗಿ ಗೇಟ್‌ವೇಗೇ ಕೊಟ್ಟಿದ್ದೀರಿ ಎಂದಾದರೆ ಮಾತ್ರ ಅದು ಸರಿ.

ಕೊನೆಯದಾಗಿ, ಗೇಟ್‌ವೇಯಿಂದ ಬಾರದ ಮೇಲನ್ನು ಒಳಗಿನ ಸರ್ವರ್ ನಿರಾಕರಿಸುವಂತೆ ಮಾಡಿ. ಸ್ಪ್ಯಾಮ್ ಕಳಿಸುವವರು ಎಂಎಕ್ಸ್ ದಾಖಲೆಯನ್ನು ಪಾಲಿಸಬೇಕೆಂದೇನಿಲ್ಲ. ಒಳಗಿನ ಸರ್ವರಿಗೆ ನೇರವಾಗಿ ಬರುತ್ತಾರೆ, ಹಳೆಯ ಎರಡನೇ ಎಂಎಕ್ಸ್ ಉಳಿದಿದ್ದರೆ ಅದರ ಮೂಲಕ ನುಸುಳುತ್ತಾರೆ. ನಿರಾಕರಣೆಯ ಆಯ್ಕೆಯನ್ನು ಐಪಿ ಪಟ್ಟಿ ಪೂರ್ಣವಾಗಿದೆಯೆಂದು ಖಚಿತಪಡಿಸಿಕೊಂಡ ನಂತರವೇ ಆನ್ ಮಾಡಿ. ಒಂದು ಐಪಿ ಬಿಟ್ಟುಹೋದರೂ ಅದರಿಂದ ಬರುವ ಮೇಲೆಲ್ಲ ಹಿಂದಕ್ಕೆ ಹೋಗುತ್ತದೆ.

ಐದನೇ ಹಂತ: ವಿನಾಯಿತಿ ಪಟ್ಟಿ

ವಿನಾಯಿತಿಯನ್ನು ತೀರ್ಪು ಕೊಡುವ ಫಿಲ್ಟರಿನಲ್ಲಿ ಮಾತ್ರ, ಅಡ್ಮಿನ್ ಮಟ್ಟದಲ್ಲಿ ಮಾತ್ರ ಬರೆಯಬೇಕು. ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಪಟ್ಟಿಯಿದ್ದರೆ ಸಿಬ್ಬಂದಿ ಬದಲಾದಾಗ ಯಾವುದೂ ಉಳಿಯುವುದಿಲ್ಲ. ಕಳಿಸುವವರ ಡೊಮೈನ್ ಎಸ್‌ಪಿಎಫ್ ಅಥವಾ ಡಿಕಿಮ್ ಪರೀಕ್ಷೆಯಲ್ಲಿ ಗೆದ್ದಾಗಲಷ್ಟೇ ವಿನಾಯಿತಿ ಅನ್ವಯಿಸಲಿ. ಗೂಗಲ್‌ನ ಅನುಮೋದಿತ ಪಟ್ಟಿಯಲ್ಲಿ ಇದಕ್ಕೆಂದೇ ಆಯ್ಕೆಯಿದೆ. ಜಿಮೇಲ್ ಡಾಟ್ ಕಾಮ್ ಅನ್ನು ಇಡಿಯಾಗಿ ಸೇರಿಸಬೇಡಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಸ್ವಂತ ಡೊಮೈನನ್ನು ಎಂದಿಗೂ ಸೇರಿಸಬೇಡಿ. ನಮ್ಮವರ ಮೇಲ್ ನಮಗೆ ಬರಲೆಂದು ಒಳ್ಳೆಯ ಉದ್ದೇಶದಿಂದ ಹೀಗೆ ಮಾಡಿದ ಕಚೇರಿಗಳಲ್ಲಿ, ಮಾಲೀಕರ ಹೆಸರಿನಲ್ಲಿ ‘ಈ ಖಾತೆಗೆ ಕೂಡಲೇ ಹಣ ಹಾಕಿ’ ಎಂದು ಹೊರಗಿನಿಂದ ಬರುವ ನಕಲಿ ಮೇಲ್ ಯಾವ ತಡೆಯೂ ಇಲ್ಲದೆ ಅಕೌಂಟೆಂಟರ ಕೈಗೆ ಹೋಗುತ್ತದೆ. ಹಣ ಹೋದ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಅನಿವಾರ್ಯ, ಮತ್ತು ಅದನ್ನು ತಕ್ಷಣ ಮಾಡಲೇಬೇಕು. ಆದರೆ ಆ ಸ್ಥಿತಿ ಬಾರದಂತೆ ತಡೆಯಲು ಪಟ್ಟಿಯಿಂದ ಒಂದು ಸಾಲು ಅಳಿಸಿದರೆ ಸಾಕು.

ಫೌಂಡ್ರಿಗಳಲ್ಲಿ ಪದೇ ಪದೇ ಕಾಣುವ ತೊಂದರೆ ಜಿಪ್ ಮಾಡಿ ಪಾಸ್‌ವರ್ಡ್ ಹಾಕಿದ ಡ್ರಾಯಿಂಗ್‌ಗಳದ್ದು. ಫಿಲ್ಟರ್ ಅದರ ಒಳಗನ್ನು ನೋಡಲಾರದು, ಆದ್ದರಿಂದ ತಡೆಯುತ್ತದೆ, ತಡೆಯುವುದೇ ಸರಿ. ಅದಕ್ಕೆ ವಿನಾಯಿತಿ ಕೊಡುವ ಬದಲು ಡ್ರಾಯಿಂಗನ್ನು ಡ್ರೈವ್ ಅಥವಾ ಒನ್‌ಡ್ರೈವ್ ಲಿಂಕ್ ಮೂಲಕ ಕಳಿಸುವಂತೆ ಗ್ರಾಹಕರಿಗೆ ತಿಳಿಸಿ.

ಆರನೇ ಹಂತ: ಕಂಪ್ಯೂಟರಿನಲ್ಲಿರುವುದನ್ನು ಸುಮ್ಮನಾಗಿಸಿ

ಔಟ್‌ಲುಕ್‌ನ ಜಂಕ್ ಆಯ್ಕೆಯನ್ನು ‘ನೋ ಆಟೋಮ್ಯಾಟಿಕ್ ಫಿಲ್ಟರಿಂಗ್’ಗೆ ಇಡಿ, ಥಂಡರ್‌ಬರ್ಡ್‌ನ ಜಂಕ್ ಕಲಿಕೆಯನ್ನು ಆಫ್ ಮಾಡಿ, ಆಂಟಿವೈರಸ್‌ನಲ್ಲಿ ಫೈಲ್ ತಪಾಸಣೆ ಉಳಿಸಿಕೊಂಡು ಸ್ಪ್ಯಾಮ್ ಭಾಗವನ್ನು ಮಾತ್ರ ತೆಗೆಯಿರಿ. ಬ್ರೌಸರಿಗೆ ಸೇರಿಸುವ ಉಚಿತ ಸ್ಪ್ಯಾಮ್ ತಡೆಗಳು ನಿಮ್ಮ ಇಡೀ ಮೇಲ್‌ಬಾಕ್ಸ್ ಓದುವ ಅನುಮತಿ ಕೇಳುತ್ತವೆ. ಕಚೇರಿಯ ಖಾತೆಗೆ ಅವು ಬೇಡವೇ ಬೇಡ. ಇನ್ನೂ ಪಾಪ್ ವಿಧಾನದಲ್ಲಿ ಮೇಲ್ ಇಳಿಸಿಕೊಳ್ಳುವ ಕಂಪ್ಯೂಟರ್ ಇದ್ದರೆ ಐಮ್ಯಾಪ್‌ಗೆ ಬದಲಿಸಿ, ಏಕೆಂದರೆ ಪಾಪ್ ಇನ್‌ಬಾಕ್ಸನ್ನು ಮಾತ್ರ ತರುತ್ತದೆ, ಸರ್ವರಿನ ಸ್ಪ್ಯಾಮ್ ಫೋಲ್ಡರ್ ಇದೆಯೆಂಬುದೇ ಅಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಕಚೇರಿಯ ಮೇಲನ್ನು ಮಾಲೀಕರ ಸ್ವಂತ ಜಿಮೇಲಿಗೆ ತಾನಾಗಿ ಫಾರ್ವರ್ಡ್ ಮಾಡುವ ವ್ಯವಸ್ಥೆಯನ್ನೂ ನಿಲ್ಲಿಸಿ, ಕಚೇರಿಯ ಖಾತೆಯನ್ನೇ ಅವರ ಮೊಬೈಲಿಗೆ ಸೇರಿಸಿಕೊಡಿ. ಫಾರ್ವರ್ಡ್ ಎಂದರೆ ಗೇಟ್‌ವೇಯ ಎಸ್‌ಪಿಎಫ್ ಸಮಸ್ಯೆಯೇ ಇನ್ನೊಂದು ಕಡೆ ಮತ್ತೆ ಹುಟ್ಟಿದಂತೆ.

ಏಳನೇ ಹಂತ: ಪರೀಕ್ಷೆ ಮತ್ತು ಜವಾಬ್ದಾರಿ

ಸ್ಪ್ಯಾಮ್ ಪರೀಕ್ಷೆಗೆಂದೇ ಇರುವ ಜಿಟಿಯೂಬ್ ಎಂಬ ಅಕ್ಷರಸಾಲನ್ನು ಹೊರಗಿನ ಖಾತೆಯಿಂದ ನಿಮ್ಮ ಕಚೇರಿಯ ವಿಳಾಸಕ್ಕೆ ಕಳಿಸಿ. ಸ್ಪ್ಯಾಮ್‌ಅಸ್ಯಾಸಿನ್ ಅದಕ್ಕೆ ಸಾವಿರ ಅಂಕ ಕೊಡುತ್ತದೆ, ಮೈಕ್ರೋಸಾಫ್ಟ್ ಕೂಡ ಅದನ್ನು ಸ್ಪ್ಯಾಮೆಂದೇ ಹಿಡಿಯುತ್ತದೆ. ನೀವು ಆರಿಸಿದ ಫಿಲ್ಟರ್ ಅಲ್ಲದೆ ಬೇರೆಯದು ಹಿಡಿದರೆ ಹಾಳೆಯಲ್ಲಿ ಬರೆಯದ ಇನ್ನೊಂದು ಪದರ ಎಲ್ಲೋ ಉಳಿದಿದೆ. ಆಮೇಲೆ ಜಿಟಿಯೂಬ್ ಇಲ್ಲದ ಸಾಮಾನ್ಯ ಮೇಲೊಂದನ್ನು ಪಿಡಿಎಫ್ ಸಹಿತ ಕಳಿಸಿ ಹೆಡರನ್ನು ಎರಡನೇ ಹಂತದಂತೆ ಓದಿ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಎಂದಿರಬೇಕು.

ಕ್ವಾರಂಟೈನ್ ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ವಹಿಸಿ, ಅವರು ರಜೆ ಹೋದಾಗ ನೋಡುವವರು ಯಾರೆಂಬುದನ್ನೂ ಅಂದೇ ಗೊತ್ತುಮಾಡಿ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಕೆಲಸ ಆರಂಭವಾದಾಗ ಮತ್ತು ಮಧ್ಯಾಹ್ನ ಮೂರರ ಹೊತ್ತಿಗೆ ನೋಡಿದರೆ, ಅಂದಿನ ಆರ್ಡರಿಗೆ ಅಂದೇ ಉತ್ತರ ಕೊಡಲು ಸಮಯ ಸಿಗುತ್ತದೆ. ತಪ್ಪಾಗಿ ಸಿಕ್ಕಿಬಿದ್ದ ಮೇಲನ್ನು ಬಿಡುಗಡೆ ಮಾಡುವಾಗ ‘ಸ್ಪ್ಯಾಮ್ ಅಲ್ಲ’ ಎಂದು ವರದಿ ಮಾಡುವ ಆಯ್ಕೆಯನ್ನೂ ಒತ್ತಬೇಕು, ಮತ್ತು ಅದೇ ಕಳಿಸುವವರ ಮೇಲ್ ಮತ್ತೆ ಸಿಕ್ಕಿಬಿದ್ದರೆ ವಿನಾಯಿತಿ ಪಟ್ಟಿಗೆ ಕೈಹಾಕುವ ಮೊದಲು ಅವರ ಡಿಕಿಮ್ ಸಹಿ ಸರಿಯಿದೆಯೇ ಎಂದು ನೋಡಿ, ಸರಿಯಿಲ್ಲದಿದ್ದರೆ ಅವರ ಐಟಿ ವಿಭಾಗಕ್ಕೆ ಹೆಡರ್ ಸಹಿತ ಬರೆದು ತಿಳಿಸಬೇಕು.